ಥಿಯೇಟರಲ್ಲಿ ಕೇಳಿದ್ದು ಆಲ್ಬಂನಲ್ಲಿ ಯಾಕೆ ಸಿಗಲ್ಲ?

ಭಾಗ 1/10

ಕಾಂತಾರ ಓಟಿಟಿಗೆ ಬಂದ ದಿನ ನೆನಪಿದೆಯಾ? 2022ರ ನವೆಂಬರ್. ಥಿಯೇಟರಲ್ಲಿ ಎರಡು ಮೂರು ಸಲ ನೋಡಿದ್ದವರೇ ಮತ್ತೆ ಟಿವಿ ಮುಂದೆ ಕೂತರು. ಅಮ್ಮ, ಅಜ್ಜಿ ಎಲ್ಲರನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ‘ವರಾಹ ರೂಪಂ’ ಬಂದಾಗ ಮುಖ ಮುಖ ನೋಡಿಕೊಂಡರು. ಸಾಹಿತ್ಯ ಅದೇ. ದೃಶ್ಯ ಅದೇ. ಟ್ಯೂನ್ ಮಾತ್ರ ಬೇರೆ! ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್ ಹಕ್ಕುಸ್ವಾಮ್ಯದ ಕೇಸ್ ಹಾಕಿತ್ತು. ಮೊದಲಿನ ಟ್ಯೂನ್‌ಗೆ ಕೋರ್ಟಿನ ತಡೆ ಇತ್ತು. ಆಮೇಲೆ ಆ ಟ್ಯೂನ್ ವಾಪಸ್ ಬಂತು, ಎಲ್ಲರೂ ಉಸ್ಸಪ್ಪಾ ಅಂದರು.

ಕೇಸಿನ ಸರಿ ತಪ್ಪು ನನ್ನ ವಿಷಯ ಅಲ್ಲ. ನನಗೆ ಮುಖ್ಯ ಅನ್ಸಿದ್ದು ಜನರ ಸಿಟ್ಟು. ಕಥೆ ಒಂದಿಷ್ಟೂ ಬದಲಾಗಿರಲಿಲ್ಲ, ಆದ್ರೂ ‘ಇದು ನಾವು ನೋಡಿದ ಸಿನಿಮಾನೇ ಅಲ್ಲ’ ಅನ್ನೋ ಭಾವನೆ. ಅಂದರೆ ಸಿನಿಮಾದ ಅರ್ಧ ಜೀವ ಕಿವಿಯಲ್ಲಿ ಇರುತ್ತೆ. ಹಾಗಿದ್ರೆ ಆ ಅರ್ಧ ಜೀವಾನ ಮನೆಗೆ ತಗೊಂಡು ಹೋಗೋಕೆ ಅಂತ ಮಾರಾಟ ಮಾಡೋ ವಸ್ತು ಇದೆಯಲ್ಲ, ಆಲ್ಬಂ, ಅದು ನಿಜವಾಗಿ ಸಿನಿಮಾದ ಸಂಗೀತಕ್ಕೆ ಸರಿಸಾಟಿಯಾಗಿ ನಿಲ್ಲುತ್ತಾ?

‘ಹೌದು’ ಅಂತ ಥಟ್ ಅಂತ ಹೇಳಬೇಡಿ. ನಿಮಗೆ ತುಂಬಾ ಇಷ್ಟವಾದ ಒಂದು ಹಳೆ ಕನ್ನಡ ಸಿನಿಮಾ ನೆನಪು ಮಾಡಿಕೊಳ್ಳಿ. ಹಾಡು ಬೇಡ. ಹೀರೋ ಒಬ್ಬನೇ ನಡೆದು ಬರುವಾಗ, ತಾಯಿ ಬಾಗಿಲಲ್ಲಿ ನಿಂತಾಗ ಹಿಂದೆ ಬರುತ್ತಲ್ಲ ಸಂಗೀತ, ಅದನ್ನ ಈಗ ಫೋನಲ್ಲಿ ಹುಡುಕಿ. ಸಿಕ್ಕಿತಾ? ಸಿಕ್ಕಿದ್ರೂ ಮಧ್ಯೆ ಮಾತು, ಬಾಗಿಲ ಸದ್ದು, ಕಾರಿನ ಹಾರನ್ ಎಲ್ಲ ಇರುತ್ತೆ. ಯಾಕೆ ಹೀಗೆ? ಈ ಹತ್ತು ಪೋಸ್ಟ್ ಅದರ ಚರಿತ್ರೆ. 1942ರಿಂದ ಶುರು ಮಾಡ್ತೀನಿ. ಅಲ್ಲಿ ನಮ್ಮ ಎಚ್.ಡಿ. ಕೋಟೆ ಕಡೆಯ ಒಬ್ಬ ಹುಡುಗನೂ ಇದ್ದಾನೆ, ಕಾಯ್ತಾ ಇರಿ.

ಭಾಗ 2/10

ಅದಕ್ಕಿಂತ ಮೊದಲು ಎರಡು ನಿಮಿಷ ಕಾಸ್ಟ್ ಅಕೌಂಟಿಂಗ್. ಬಿಕಾಂನವರು ಓಡಿ ಹೋಗಬೇಡಿ, ಬೇರೆಯವರು ಹೆದರಬೇಡಿ. ಇದು ಗೊತ್ತಿದ್ರೆ ಮುಂದಿನ ಎಂಬತ್ತು ವರ್ಷದ ಕಥೆ ಸಲೀಸಾಗಿ ಅರ್ಥ ಆಗುತ್ತೆ.

ಮಂಡ್ಯದಲ್ಲಿ ಕಬ್ಬು ಅರೀತಾರೆ. ಬೇಕಾಗಿರೋದು ಸಕ್ಕರೆ. ಆದರೆ ಜೊತೆಗೆ ಕಾಕಂಬಿನೂ ಬರುತ್ತೆ. ಯಾರೂ ಕಾಕಂಬಿಗೋಸ್ಕರ ಸಕ್ಕರೆ ಕಾರ್ಖಾನೆ ಕಟ್ಟಲ್ಲ. ಬಂದದ್ದನ್ನ ಮಾರಿ ಒಂದಿಷ್ಟು ದುಡ್ಡು ಮಾಡ್ಕೋತಾರೆ. ಇದು ಬೈ-ಪ್ರಾಡಕ್ಟ್, ಉಪ ಉತ್ಪನ್ನ.

ಕಚ್ಚಾ ತೈಲ ಶುದ್ಧ ಮಾಡಿದರೆ ಪೆಟ್ರೋಲ್, ಡೀಸೆಲ್ ಎರಡೂ ಬರುತ್ತೆ. ಎರಡಕ್ಕೂ ಬೆಲೆ ಇದೆ, ಎರಡಕ್ಕೂ ಗಿರಾಕಿ ಇದ್ದಾರೆ. ಇದು ಜಾಯಿಂಟ್ ಪ್ರಾಡಕ್ಟ್, ಜಂಟಿ ಉತ್ಪನ್ನ.

ಬಡಗಿ ಮರ ಕೊಯ್ದಾಗ ಹೊಟ್ಟು ಬೀಳುತ್ತೆ. ಅದನ್ನ ಗುಡಿಸಿ ಮೂಲೆಗೆ ಹಾಕ್ತಾನೆ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಹೆಚ್ಚೂಕಮ್ಮಿ ಜಾಗವೇ ಇಲ್ಲ. ಇದು ಸ್ಕ್ರ್ಯಾಪ್.

ಈಗ ಸಿನಿಮಾಗೆ ಬನ್ನಿ. ನಿರ್ಮಾಪಕ ದುಡ್ಡು ಹಾಕಿ ಮಾಡಿಸೋದು ಸಿನಿಮಾ. ಅದರ ಜೊತೆಯಲ್ಲೇ ಸಂಗೀತ ಹುಟ್ಟುತ್ತೆ. ಆ ಸಂಗೀತ ಅವನ ಪುಸ್ತಕದಲ್ಲಿ ಪೆಟ್ರೋಲಾ, ಕಾಕಂಬಿನಾ, ಹೊಟ್ಟಾ? ನನ್ನ ವಾದ ಇಷ್ಟೇ: ಒಂದು ಆಲ್ಬಂ ಸಿನಿಮಾದ ಸಂಗೀತಕ್ಕೆ ಎಷ್ಟು ನ್ಯಾಯ ಮಾಡಿದೆ ಅನ್ನೋದು ಸಂಗೀತಗಾರನ ಪ್ರತಿಭೆಗಿಂತ ಹೆಚ್ಚಾಗಿ ಈ ಲೆಕ್ಕದ ಮೇಲೆ ನಿಂತಿದೆ. ಪ್ರತಿಭೆ ಟ್ಯೂನ್ ಹುಟ್ಟಿಸುತ್ತೆ. ಯಾವ ಟ್ಯೂನ್ ಉಳಿಯುತ್ತೆ ಅನ್ನೋದನ್ನ ಪುಸ್ತಕ ತೀರ್ಮಾನ ಮಾಡುತ್ತೆ.

ಭಾಗ 3/10

ಈಗ ಆ ಹುಡುಗ. ಹೆಸರು ಸಾಬು. ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಅಪ್ಪ ಮಹಾರಾಜರ ಆನೆಗಳ ಮಾವುತ. ರಾಬರ್ಟ್ ಫ್ಲಾಹರ್ಟಿ ಅನ್ನೋ ಪ್ರಸಿದ್ಧ ನಿರ್ದೇಶಕ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಹುಡುಗನನ್ನ ಹುಡುಕ್ತಾ ಇಲ್ಲಿಗೆ ಬಂದಾಗ ಸಾಬು ಸಿಕ್ಕಿದ. 1937ರಲ್ಲಿ ಚಿತ್ರ ಬಂತು, ಹುಡುಗ ಲೋಕಪ್ರಸಿದ್ಧನಾದ. ಅಲ್ಲಿಂದ ಲಂಡನ್, ಆಮೇಲೆ ಹಾಲಿವುಡ್. 1942ರಲ್ಲಿ ಬಂದ ‘ಜಂಗಲ್ ಬುಕ್’ ಚಿತ್ರದಲ್ಲಿ ಮೋಗ್ಲಿ ಅವನೇ. ನಿರ್ದೇಶಕ ಜೋಲ್ಟಾನ್ ಕೋರ್ಡಾ, ಸಂಗೀತ ಹಂಗೇರಿಯಿಂದ ಬಂದಿದ್ದ ಮಿಕ್ಲೋಶ್ ರೋಜಾ.

ಆ ಚಿತ್ರದ ಸಂಗೀತ ಗ್ರಾಮೋಫೋನ್ ತಟ್ಟೆಯಾಗಿ ಮಾರಾಟಕ್ಕೆ ಬಂತು. ಅದುವರೆಗೆ ಅಮೆರಿಕದಲ್ಲಿ ಹಾಡಿನ ಸಿನಿಮಾಗಳ ತಟ್ಟೆ ಬರ್ತಾ ಇತ್ತು. 1938ರಲ್ಲಿ ಡಿಸ್ನಿಯ ‘ಸ್ನೋ ವೈಟ್’ ಹಾಡುಗಳು ಸಿನಿಮಾದ ಧ್ವನಿಪಟ್ಟಿಯಿಂದಲೇ ನೇರವಾಗಿ ತಟ್ಟೆಗೆ ಇಳಿದಿದ್ದವು. ಆದರೆ ಹಾಡಿಲ್ಲದ ಸಿನಿಮಾದ ಹಿನ್ನೆಲೆ ಸಂಗೀತವನ್ನ ಆಲ್ಬಂ ಮಾಡಿ ಮಾರಿದ್ದು? ಅಮೆರಿಕದಲ್ಲಿ ಅಂಥ ಮೊದಲ ಆಲ್ಬಂ ಅಂತ ಚರಿತ್ರೆಯಲ್ಲಿ ಹೆಸರು ಬರೋದು ಈ ‘ಜಂಗಲ್ ಬುಕ್’ದು.

ಈಗ ಸ್ವಾರಸ್ಯ ಕೇಳಿ. ಆ ತಟ್ಟೆಯಲ್ಲಿದ್ದದ್ದು ಸಿನಿಮಾದಲ್ಲಿ ಕೇಳಿದ ಸಂಗೀತ ಅಲ್ಲ! ರೆಕಾರ್ಡ್ ಕಂಪನಿ ಬೇರೆಯಾಗಿ ವಾದ್ಯವೃಂದ ಕೂರಿಸಿತು. ರೋಜಾ ತಮ್ಮ ಸಂಗೀತವನ್ನ ಬೇರೆ ರೀತಿ ಹೊಂದಿಸಿ ಹೊಸದಾಗಿ ನುಡಿಸಿದರು. ಅದರ ಮೇಲೆ ಸಾಬು ಕಥೆ ಹೇಳಿದ. ಅಂದರೆ ಚರಿತ್ರೆಯ ಆ ಮೊದಲ ಹಿನ್ನೆಲೆ ಸಂಗೀತದ ಆಲ್ಬಂನಲ್ಲಿ ನಮ್ಮ ಕಾರಾಪುರದ ಮಾವುತನ ಮಗನ ದನಿ ಇದೆ. ಕಬಿನಿ ಸಫಾರಿಗೆ ಹೋದಾಗ ಆನೆ ಜೊತೆ ಸೆಲ್ಫಿ ಹಾಕ್ತೀರಲ್ಲ, ಆ ಕಡೆಯ ಹುಡುಗ ಅವನು. ಮುಂದಿನ ಸಲ ಹೋದಾಗ ಅವನ ಹೆಸರನ್ನೂ ಒಂದು ಸಲ ನೆನೆಸಿಕೊಳ್ಳಿ.

ಭಾಗ 4/10

ಯಾಕೆ ಹಾಗೆ ಮಾಡಿದರು? ಸಿನಿಮಾದಲ್ಲಿದ್ದದ್ದನ್ನೇ ಇಳಿಸಬಹುದಿತ್ತಲ್ಲ?

ಮೊದಲ ಕಾರಣ ತಟ್ಟೆಯ ಅಳತೆ. ಆಗಿನದು 78 ಆರ್‌ಪಿಎಂ ತಟ್ಟೆ. ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದ ಆಸುಪಾಸು, ಹನ್ನೆರಡು ಇಂಚಿನದರಲ್ಲಿ ನಾಲ್ಕು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಮುಗೀಬೇಕು, ಎದ್ದು ತಟ್ಟೆ ತಿರುಗಿಸಬೇಕು. ಸಿನಿಮಾದ ಸಂಗೀತ ದೃಶ್ಯದ ಉದ್ದ ನೋಡಿಕೊಂಡು ಹರಿಯುತ್ತೆ. ತಟ್ಟೆಯ ಸಂಗೀತ ಮುಳ್ಳು ಎಲ್ಲಿ ನಿಲ್ಲುತ್ತೋ ಅಲ್ಲಿ ನಿಲ್ಲಬೇಕು.

ಎರಡನೇ ಕಾರಣ ಇನ್ನೂ ಮುಖ್ಯ. ಚಿತ್ರ ಇಲ್ಲದೆ ಹಿನ್ನೆಲೆ ಸಂಗೀತ ಕೇಳೋಕೆ ಜನ ದುಡ್ಡು ಕೊಡ್ತಾರೆ ಅನ್ನೋ ನಂಬಿಕೆ ಯಾರಿಗೂ ಇರಲಿಲ್ಲ. ಅದಕ್ಕೇ ಕಥೆ ಹೇಳೋ ದನಿ ಬೇಕಾಯ್ತು. ಕಣ್ಣಿಗೆ ಇದ್ದದ್ದು ಹೋಯ್ತು, ಆ ಖಾಲಿ ಜಾಗಕ್ಕೆ ಮಾತು ತುಂಬಿದರು.

ಈ ಮಾತು ತುಂಬೋ ಉಪಾಯ ನೆನಪಲ್ಲಿಟ್ಟುಕೊಳ್ಳಿ. ಈ ಸರಣಿಯಲ್ಲಿ ಇನ್ನೂ ಎರಡು ಸಲ ಬರುತ್ತೆ. ಒಂದು ಸಲ 1994ರ ಒಂದು ಆಲ್ಬಂನಿಂದ, ಇನ್ನೊಂದು ಸಲ ನಮ್ಮ ರಾಮನಗರದ ಬಂಡೆಗಳ ಮಧ್ಯದಿಂದ.

ಆಮೇಲೆ ಎಲ್‌ಪಿ ಬಂತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ. ಜಾಗದ ಸಮಸ್ಯೆ ಬಹುಮಟ್ಟಿಗೆ ಹೋಯ್ತು. ಆದರೆ ಹೊಸ ಖರ್ಚು ಎದುರಾಯ್ತು. ಅಮೆರಿಕದ ಸಂಗೀತಗಾರರ ಯೂನಿಯನ್‌ನ ನಿಯಮ ಇದು: ಸಿನಿಮಾಗೆ ಅಂತ ನುಡಿಸಿದ್ದನ್ನ ತಟ್ಟೆ ಮಾಡಿ ಮಾರಿದರೆ ವಾದಕರಿಗೆ ಮತ್ತೆ ಹಣ ಕೊಡಬೇಕು. ನನ್ನ ಪ್ರಕಾರ ನಿಯಮದಲ್ಲಿ ತಪ್ಪಿಲ್ಲ, ಪಿಟೀಲು ಹಿಡಿದು ಕೂತವರದ್ದೂ ಹೊಟ್ಟೆಪಾಡು ತಾನೆ? ಆದರೆ ಕಂಪನಿಗಳು ಲೆಕ್ಕ ಹಾಕಿದವು. ಸಿ.ಡಿ.ಯಲ್ಲಿ 74 ನಿಮಿಷ ಜಾಗ ಇದ್ದ ಕಾಲದಲ್ಲೂ ಎಷ್ಟೋ ಹಾಲಿವುಡ್ ಸಿನಿಮಾದ ಆಲ್ಬಂಗಳು ಬರೀ ಅರ್ಧ ಗಂಟೆ ಇದ್ದದ್ದು ಇದೇ ಕಾರಣಕ್ಕೆ. ಕಾಕಂಬಿಗೆ ಯಾರು ಸಕ್ಕರೆಯಷ್ಟು ಖರ್ಚು ಮಾಡ್ತಾರೆ?

ಭಾಗ 5/10

ಇಬ್ಬರು ಸಂಗೀತ ನಿರ್ದೇಶಕರನ್ನ ಅಕ್ಕಪಕ್ಕ ಇಟ್ಟು ನೋಡೋಣ.

ಬರ್ನಾರ್ಡ್ ಹರ್ಮನ್. ಹಿಚ್‌ಕಾಕ್‌ನ ‘ಸೈಕೋ’, 1960. ಬರೀ ತಂತಿವಾದ್ಯಗಳಲ್ಲಿ ಮಾಡಿದ ಸಂಗೀತ. ಬಾತ್‌ರೂಮ್ ದೃಶ್ಯದ ಆ ಕಿರುಚೋ ಪಿಟೀಲು ಗೊತ್ತಲ್ಲ, ಸಿನಿಮಾ ನೋಡದವರಿಗೂ ಗೊತ್ತು. ಅಷ್ಟು ಪ್ರಸಿದ್ಧ ಸಂಗೀತಕ್ಕೆ ಸಿನಿಮಾ ಬಂದಾಗ ಆಲ್ಬಂ ಬರಲೇ ಇಲ್ಲ. 1975ರಲ್ಲಿ ಹರ್ಮನ್ ತಾವೇ ಲಂಡನ್‌ನಲ್ಲಿ ವಾದ್ಯವೃಂದ ಕೂರಿಸಿ ಇಡೀ ಸಂಗೀತವನ್ನ ಮತ್ತೆ ನುಡಿಸಿದರು. ಅದೇ ವರ್ಷ ಡಿಸೆಂಬರಲ್ಲಿ ತೀರಿಕೊಂಡರು. ಕೇಳಿ ನೋಡಿ, ತಟ್ಟೆಯಲ್ಲಿ ನಡೆ ಸಿನಿಮಾದಲ್ಲಿದ್ದದ್ದಕ್ಕಿಂತ ನಿಧಾನ. ಬರೆದವರೇ ನುಡಿಸಿದ್ದು, ಸ್ವರ ಅವೇ. ಆದರೂ ಎದೆ ಹೊಡೆದುಕೊಳ್ಳೋ ರೀತಿ ಬೇರೆ. ಸ್ವರ ಉಳಿಯಿತು, ಆ ಓಟ ಉಳಿಯಲಿಲ್ಲ.

ಜಾನ್ ವಿಲಿಯಮ್ಸ್. ‘ಸ್ಟಾರ್ ವಾರ್ಸ್’, 1977. ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ್ದು, ಎರಡು ಎಲ್‌ಪಿಯ ಆಲ್ಬಂ. ಇಲ್ಲಿ ಸಿನಿಮಾದ ರೆಕಾರ್ಡಿಂಗೇ ಇದೆ. ಆದರೆ ವಿಲಿಯಮ್ಸ್ ಸಿನಿಮಾದ ಕ್ರಮವನ್ನ ಬಿಟ್ಟುಬಿಟ್ಟರು. ಬೇರೆ ಬೇರೆ ದೃಶ್ಯಗಳ ತುಣುಕುಗಳನ್ನ ಹೊಂದಿಸಿ, ಒಂದು ಕಛೇರಿ ಕೇಳಿದ ಹಾಗೆ ಜೋಡಿಸಿದರು. ಜೋರಾದದ್ದರ ನಂತರ ಮೆಲುದನಿ, ಯುದ್ಧದ ನಂತರ ಹಾಸ್ಯ. ಹಾಡೇ ಇಲ್ಲದ ಆಲ್ಬಂ ಆದ್ರೂ ಲಕ್ಷಗಟ್ಟಲೆ ಮಾರಾಟ ಆಯ್ತು. ಇನ್ನೂ ತಮಾಷೆ ಅಂದ್ರೆ, ಆ ವರ್ಷ ಅಕ್ಟೋಬರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿದ್ದು ಮೂಲ ಸಂಗೀತ ಅಲ್ಲ, ಮೀಕೋ ಅನ್ನೋರು ಮಾಡಿದ ಅದರ ಡಿಸ್ಕೋ ರೂಪ!

1997ರಲ್ಲಿ ‘ಸ್ಟಾರ್ ವಾರ್ಸ್’ ಸಂಗೀತ ಹೆಚ್ಚೂಕಮ್ಮಿ ಪೂರ್ತಿಯಾಗಿ, ಸಿನಿಮಾದ ಕ್ರಮದಲ್ಲೇ ಎರಡು ಸಿ.ಡಿ.ಯಲ್ಲಿ ಬಂತು. ಸಿನಿಮಾ ಬಾಯಿಪಾಠ ಇರೋರಿಗೆ ಅದು ಹಬ್ಬ. ಆದರೆ ಸುಮ್ಮನೆ ಸಂಗೀತ ಅಂತ ಕೇಳೋರಿಗೆ ಹಳೆ ಎಲ್‌ಪಿಯೇ ಹಿತ. ಹಾಗಾಗಿ ‘ಪೂರ್ತಿ ಇದ್ರೆ ಒಳ್ಳೇದು’ ಅನ್ನೋದೂ ಪೂರ್ತಿ ಸರಿಯಲ್ಲ. ವಿಲಿಯಮ್ಸ್ ಕತ್ತರಿಸಿದ್ದು ಖರ್ಚು ಉಳಿಸೋಕಲ್ಲ, ಕೇಳುವವರಿಗೋಸ್ಕರ. ಈ ವ್ಯತ್ಯಾಸ ಮುಖ್ಯ.

ಭಾಗ 6/10

ಈಗ ನನಗೆ ಅತಿ ಇಷ್ಟದ ಕಥೆ. ‘ಬ್ಲೇಡ್ ರನ್ನರ್’. 1982ರ ಜೂನ್. ನಿರ್ದೇಶಕ ರಿಡ್ಲಿ ಸ್ಕಾಟ್, ಸಂಗೀತ ಗ್ರೀಸ್‌ನ ವ್ಯಾಂಗೆಲಿಸ್. ಲಂಡನ್‌ನ ತಮ್ಮ ನೀಮೋ ಸ್ಟುಡಿಯೋದಲ್ಲಿ ಸಿಂಥಸೈಜರ್‌ಗಳ ಮಧ್ಯೆ ಕೂತು, ಅದರಲ್ಲೂ ಯಮಾಹಾ ಸಿಎಸ್-80 ಹಿಡಿದು, ಮಳೆ ಸುರಿಯೋ ಕತ್ತಲ ನಗರಕ್ಕೆ ದನಿ ಕೊಟ್ಟರು. ಅದೇ ವರ್ಷ ‘ಚಾರಿಯಟ್ಸ್ ಆಫ್ ಫೈರ್’ ಸಂಗೀತಕ್ಕೆ ಅವರಿಗೆ ಆಸ್ಕರ್ ಬಂದಿತ್ತು. ಅಂದರೆ ಆಲ್ಬಂ ಮಾರಾಟಕ್ಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ. ಸಿನಿಮಾದ ಕೊನೆಯಲ್ಲಿ ಹೆಸರುಗಳು ಓಡುವಾಗ ‘ಆಲ್ಬಂ ಪಾಲಿಡಾರ್ ಕಂಪನಿಯಲ್ಲಿ ಲಭ್ಯ’ ಅಂತಾನೂ ಹಾಕಿದ್ದರು.

ಜನ ಅಂಗಡಿಗೆ ಹೋದರು. ಆಲ್ಬಂ ಇಲ್ಲ.

ಬದಲಿಗೆ ಇನ್ನೊಂದು ತಟ್ಟೆ ಇತ್ತು. ನ್ಯೂ ಅಮೆರಿಕನ್ ಆರ್ಕೆಸ್ಟ್ರಾ ಅನ್ನೋ ತಂಡ ವ್ಯಾಂಗೆಲಿಸ್ ಟ್ಯೂನ್‌ಗಳನ್ನ ತಮ್ಮ ವಾದ್ಯಗಳಲ್ಲಿ ನುಡಿಸಿದ್ದು. ಕವರ್ ಮೇಲೆ ಸಿನಿಮಾದ ಹೆಸರೇ, ಟ್ಯೂನ್‌ಗಳೂ ಸಿನಿಮಾದ್ದೇ. ಒಳಗೆ ಮಾತ್ರ ಆ ದನಿ ಇಲ್ಲ. ಸಿಂಥಸೈಜರ್‌ನ ಆ ತೇಲೋ ನಾದದಲ್ಲೇ ಸಿನಿಮಾದ ಜೀವ ಇತ್ತು, ಅದನ್ನ ತೆಗೆದು ಟ್ಯೂನ್ ಮಾತ್ರ ಕೊಟ್ಟರೆ? ನಿಮ್ಮ ಅಜ್ಜಿಯ ಸಾರಿನ ಪುಡಿ ಬಿಟ್ಟು ಬೇಳೆ, ಉಪ್ಪು, ಹುಣಸೆ ಎಲ್ಲ ಅಳತೆ ಪ್ರಕಾರ ಹಾಕಿದ ಹಾಗೆ. ಸಾರು ಆಗುತ್ತೆ. ಅಜ್ಜಿ ಸಾರು ಆಗಲ್ಲ.

ಅಭಿಮಾನಿಗಳು ಕಾದರು. ಒಂದು ವರ್ಷ ಎರಡು ವರ್ಷ ಅಲ್ಲ, ಹನ್ನೆರಡು ವರ್ಷ. 1989ರಲ್ಲಿ ವ್ಯಾಂಗೆಲಿಸ್ ಅವರ ‘ಥೀಮ್ಸ್’ ಅನ್ನೋ ಸಂಗ್ರಹದಲ್ಲಿ ಕೆಲವು ತುಣುಕು ಸಿಕ್ಕವು. 1993ರ ಹೊತ್ತಿಗೆ ಕಳ್ಳ ಸಿ.ಡಿ.ಗಳು ಹೊರಬಿದ್ದವು. ಕಳ್ಳಮಾಲು ಸರಿ ಅಂತ ನಾನು ಹೇಳ್ತಾ ಇಲ್ಲ. ಆದರೆ ಪೂರೈಕೆ ಇಲ್ಲದ ಕಡೆ ಬೇಡಿಕೆ ಸುಮ್ಮನೆ ಕೂರಲ್ಲ, ಮೊದಲ ವರ್ಷದ ಅರ್ಥಶಾಸ್ತ್ರದಲ್ಲೇ ಓದಿದ್ದೀವಿ.

ಭಾಗ 7/10

1994ರಲ್ಲಿ ಕೊನೆಗೂ ವ್ಯಾಂಗೆಲಿಸ್ ಅವರದ್ದೇ ಆಲ್ಬಂ ಬಂತು. ಹನ್ನೆರಡು ವರ್ಷ ಕಾದವರು ಹೆಡ್‌ಫೋನ್ ಹಾಕಿಕೊಂಡರು. ಏನಾಯ್ತು?

ಮೊದಲ ಟ್ರ್ಯಾಕಿನಲ್ಲೇ ನಾಯಕ ಹ್ಯಾರಿಸನ್ ಫೋರ್ಡ್ ದನಿ. ಯಂತ್ರಕ್ಕೆ ಆಜ್ಞೆ ಕೊಡೋ ಮಾತುಗಳು, ಸಂಗೀತದ ಜೊತೆಯಲ್ಲೇ. ಕೊನೆಯಲ್ಲಿ ರಟ್ಗರ್ ಹೌವರ್ ಮಳೆಯಲ್ಲಿ ಕೂತು ಹೇಳೋ ಆ ಪ್ರಸಿದ್ಧ ಮಾತು, ಅದರ ಕೆಳಗೆ ಸಂಗೀತ. ಮಧ್ಯೆ ಕೆಲವು ಟ್ರ್ಯಾಕ್ ಸಿನಿಮಾದಲ್ಲಿ ಇರಲೇ ಇಲ್ಲ. ಸಿನಿಮಾದಲ್ಲಿದ್ದ ಕೆಲವು ತುಣುಕು ಆಲ್ಬಂನಲ್ಲಿ ಇಲ್ಲ.

ನೋಡಿ, 1942ರಲ್ಲಿ ಸಾಬು ದನಿ ಯಾಕೆ ಬೇಕಾಯ್ತೋ ಅದೇ ಕಾರಣಕ್ಕೆ 1994ರಲ್ಲೂ ಮಾತು ಬಂತು. ಕೆಲವರಿಗೆ ಬೇಜಾರಾಯ್ತು, ‘ನಾವು ಸಂಗೀತ ಕೇಳಿದ್ವಿ, ಮಾತಲ್ಲ’ ಅಂತ. 2007ರಲ್ಲಿ ಚಿತ್ರದ 25ನೇ ವರ್ಷದ ನೆಪದಲ್ಲಿ ಮೂರು ಡಿಸ್ಕ್‌ಗಳ ಆವೃತ್ತಿ ಬಂತು. ಮೊದಲನೆಯದು 1994ರ ಆಲ್ಬಂ, ಎರಡನೆಯದು ಅದುವರೆಗೆ ಬಾರದ ಸಂಗೀತ, ಮೂರನೆಯದು ಹೊಸದಾಗಿ ಮಾಡಿದ ಸಂಗೀತ. ಆಗಲೂ ಸಿನಿಮಾದ ಪ್ರತಿ ತುಣುಕೂ ಸಿಗಲಿಲ್ಲ.

ಹಾಗಾದ್ರೆ 1994ರ ಆಲ್ಬಂ ಸೋತಿತಾ? ನನ್ನ ಉತ್ತರ: ದಾಖಲೆಯಾಗಿ ಸೋತಿತು, ಆಲ್ಬಂ ಆಗಿ ಗೆದ್ದಿತು. ಕಣ್ಣು ಮುಚ್ಚಿ ಒಂದೇ ಸಲಕ್ಕೆ ಪೂರ್ತಿ ಕೇಳಿ. ಸಿನಿಮಾ ನೋಡದವರಿಗೂ ಒಂದು ಊರು ಕಾಣುತ್ತೆ, ಮಳೆ ಬೀಳುತ್ತೆ, ಯಾರೋ ಒಬ್ಬಂಟಿ ಕಿಟಕಿ ಹತ್ತಿರ ನಿಂತಿದ್ದಾರೆ ಅನ್ಸುತ್ತೆ. ವ್ಯಾಂಗೆಲಿಸ್ ಸಿನಿಮಾದ ನಕಲು ಕೊಡಲಿಲ್ಲ, ಸಿನಿಮಾದ ನೆನಪು ಕೊಟ್ಟರು. ನೆನಪಿನಲ್ಲಿ ಮಾತು ಸಂಗೀತ ಬೇರೆ ಬೇರೆ ಡಬ್ಬಿಯಲ್ಲಿ ಇರಲ್ಲ ಅಲ್ವಾ?

ಆದರೆ ಒಂದು ಮಾತು. ವ್ಯಾಂಗೆಲಿಸ್ ಈ ಆಯ್ಕೆ ಮಾಡೋಕೆ ಆಗಿದ್ದು ಅವರ ಟೇಪುಗಳು ಉಳಿದಿದ್ದಕ್ಕೆ. ಹನ್ನೆರಡು ವರ್ಷ ಆದಮೇಲೂ, ಇಪ್ಪತ್ತೈದು ವರ್ಷ ಆದಮೇಲೂ ತೆಗೆದು ನೋಡೋಕೆ ಏನೋ ಇತ್ತು. ಇಲ್ಲಿಂದ ನಮ್ಮ ಕಡೆಗೆ ಬರೋಣ. ಇಲ್ಲಿ ಕಥೆ ಉಲ್ಟಾ.

ಭಾಗ 8/10

ಹಾಲಿವುಡ್‌ನಲ್ಲಿ ಆಲ್ಬಂ ಕಾಕಂಬಿ ಅಂದೆ. ಭಾರತದಲ್ಲಿ ಹಾಡು ಯಾವತ್ತೂ ಕಾಕಂಬಿ ಆಗಿರಲಿಲ್ಲ. ಹಾಡು ಪೆಟ್ರೋಲ್, ಸಿನಿಮಾ ಡೀಸೆಲ್. ರೇಡಿಯೋದಲ್ಲಿ ಹಾಡು ಮೊದಲು ಬರುತ್ತೆ, ಜನ ಆಮೇಲೆ ಥಿಯೇಟರ್‌ಗೆ ಬರ್ತಾರೆ. ಆಡಿಯೋ ಹಕ್ಕು ಮಾರಿದ ದುಡ್ಡು ನಿರ್ಮಾಪಕನ ಕೈಗೆ ಮೊದಲೇ ಬರುತ್ತೆ. ಅದಕ್ಕೇ ನಮ್ಮಲ್ಲಿ ಹಾಡಿನ ಮಟ್ಟಿಗೆ ಆಲ್ಬಂ ಸಿನಿಮಾಗೆ ಸರಿಸಾಟಿ, ಎಷ್ಟೋ ಸಲ ಒಂದು ಕೈ ಮೇಲು. ಸಿನಿಮಾದಲ್ಲಿ ಉದ್ದ ಆಯ್ತು ಅಂತ ಕತ್ತರಿಸಿದ ಚರಣ ಕ್ಯಾಸೆಟ್‌ನಲ್ಲಿ ಪೂರ್ತಿ ಇರುತ್ತೆ.

ಹಿನ್ನೆಲೆ ಸಂಗೀತದ ಕಥೆ? ಅದಕ್ಕೆ ‘ಶೋಲೆ’ ಸಾಕು. 1975ರ ಆಗಸ್ಟ್ 15ಕ್ಕೆ ಬಿಡುಗಡೆ, ಚಿತ್ರೀಕರಣ ಆಗಿದ್ದು ನಮ್ಮ ರಾಮನಗರದ ಬೆಟ್ಟಗಳಲ್ಲಿ. ಸಂಗೀತ ಆರ್.ಡಿ. ಬರ್ಮನ್. ಸಂಜೆ ಹೊತ್ತು, ಅಮಿತಾಭ್ ಮೌತ್ ಆರ್ಗನ್ ನುಡಿಸ್ತಾ ಕೂತಿರ್ತಾರೆ, ಜಯಾ ಒಂದೊಂದೇ ದೀಪ ಆರಿಸ್ತಾ ಹೋಗ್ತಾರೆ. ಮಾತೇ ಇಲ್ಲ. ಆ ಮೌತ್ ಆರ್ಗನ್ ನಿಜವಾಗಿ ನುಡಿಸಿದ್ದು ಬರ್ಮನ್ ತಂಡದ ಭಾನು ಗುಪ್ತ. ಇಡೀ ಚಿತ್ರದಲ್ಲಿ ನನಗೆ ಉಳಿಯೋ ಸಂಗೀತ ಅದು. ಆದರೆ ಹಾಡಿನ ಎಲ್‌ಪಿಯಲ್ಲಿ ಅದಕ್ಕೆ ಒಂದು ಟ್ರ್ಯಾಕಿನ ಜಾಗ ಸಿಗಲಿಲ್ಲ. ಅದೇನು ಹಾಡಲ್ಲವಲ್ಲ!

ಮುಂದೆ ನಡೆದದ್ದು ಸೋಜಿಗ. ಜನ ಥಿಯೇಟರಿಂದ ಹೊರಗೆ ಬರ್ತಾ ಹಾಡಿಗಿಂತ ಹೆಚ್ಚಾಗಿ ಗಬ್ಬರ್ ಮಾತು ಗುನುಗ್ತಾ ಇದ್ದರು. ಪಾಲಿಡಾರ್ ಕಂಪನಿ ಸಂಭಾಷಣೆಯನ್ನೇ ತಟ್ಟೆ ಮಾಡಿ ಬಿಟ್ಟಿತು. ಹೋಟೆಲ್, ಜಾತ್ರೆ, ಗಣೇಶನ ಪೆಂಡಾಲ್, ಎಲ್ಲ ಕಡೆ ಗಬ್ಬರ್. ಸಂಭಾಷಣೆ ತಟ್ಟೆಗೆ ಧ್ವನಿ ತೆಗೆದದ್ದು ಸಿನಿಮಾದಿಂದಲೇ, ಹಾಗಾಗಿ ಮಾತಿನ ಕೆಳಗೆ ಹಿನ್ನೆಲೆ ಸಂಗೀತನೂ ಬಂತು. ಅಂದರೆ ಬರ್ಮನ್ ಅವರ ಹಿನ್ನೆಲೆ ಸಂಗೀತ ಮನೆಮನೆ ಸೇರಿದ್ದು ಟಿಕೆಟ್ ಇಲ್ಲದ ಪ್ರಯಾಣಿಕನ ಹಾಗೆ, ಗಬ್ಬರ್ ಬೆನ್ನ ಹಿಂದೆ ಅಡಗಿಕೊಂಡು. ಸಾಬು, ಹೌವರ್, ಗಬ್ಬರ್, ಮೂರೂ ಕಡೆ ಮಾತೇ ಸಂಗೀತಕ್ಕೆ ಗಾಡಿ.

ಭಾಗ 9/10

ಈಗ ಕನ್ನಡ. ಇಲ್ಲಿ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತೆ.

ನಮ್ಮ ಚಿತ್ರರಂಗದಲ್ಲಿ ಹಿನ್ನೆಲೆ ಸಂಗೀತ ಮಾಡೋದಕ್ಕೆ ‘ರೀರೆಕಾರ್ಡಿಂಗ್’ ಅಂತಾರೆ. ಹಾಡು ಶೂಟಿಂಗ್‌ಗೆ ಮೊದಲೇ ತಯಾರು, ರೀರೆಕಾರ್ಡಿಂಗ್ ಕೊನೆಗೆ. ಬಿಡುಗಡೆ ದಿನಾಂಕ ತಲೆ ಮೇಲೆ, ಕೈಯಲ್ಲಿ ದುಡ್ಡು ಕಡಿಮೆ. ಹಳೆ ಕಾಲದಲ್ಲಿ ಬಹುತೇಕ ಮದ್ರಾಸಿನ ಸ್ಟುಡಿಯೋಗಳಲ್ಲಿ. ಪರದೆ ಮೇಲೆ ರೀಲು ಓಡ್ತಾ ಇರುತ್ತೆ, ವಾದಕರು ನೋಡಿಕೊಂಡು ನುಡಿಸ್ತಾರೆ. ಆಮೇಲೆ ಮಾತು, ಸದ್ದು, ಸಂಗೀತ ಮೂರನ್ನೂ ಬೆರೆಸಿ ಫಿಲ್ಮಿನ ಅಂಚಿನ ಒಂದೇ ಧ್ವನಿಪಟ್ಟಿಗೆ ಇಳಿಸ್ತಾರೆ. ಬೆರೆಸಿದ ಮೇಲೆ ಸಂಗೀತದ ಟೇಪನ್ನ ಬೇರೆಯಾಗಿ ಜೋಪಾನ ಮಾಡೋಕೆ ಯಾರಿಗೂ ಕಾರಣ ಇರಲಿಲ್ಲ. ಮಾರಾಟ ಆಗದ ಸರಕಿಗೆ ಗೋಡೌನ್ ಬಾಡಿಗೆ ಯಾರು ಕಟ್ಟುತ್ತಾರೆ? ಇದೇ ಬಡಗಿಯ ಹೊಟ್ಟು.

ಪರಿಣಾಮ ನೋಡಿ. ‘ಕಸ್ತೂರಿ ನಿವಾಸ’ಕ್ಕೆ, ‘ಬಂಗಾರದ ಮನುಷ್ಯ’ಕ್ಕೆ ಜಿ.ಕೆ. ವೆಂಕಟೇಶ್. ‘ನಾಗರಹಾವು’ಗೆ ವಿಜಯಭಾಸ್ಕರ್. ‘ಗಂಧದ ಗುಡಿ’ಗೆ ರಾಜನ್–ನಾಗೇಂದ್ರ. ಇವರ ಹಾಡು ಇವತ್ತಿಗೂ ಯಾವ ಆ್ಯಪಲ್ಲಿ ಬೇಕಾದ್ರೂ ಸಿಗುತ್ತೆ. ಇವರು ದೃಶ್ಯಗಳಿಗೆ ಕಟ್ಟಿದ ಸಂಗೀತ ಕೇಳಬೇಕಂದ್ರೆ ಸಿನಿಮಾನೇ ಹಾಕಿ ಮಾತಿನ ಸಂದಿಯಲ್ಲಿ ಕಿವಿ ಇಡಬೇಕು. ವಾದಕರ ಹೆಸರಂತೂ ಟೈಟಲ್ ಕಾರ್ಡಲ್ಲೂ ಅಪರೂಪ.

ಆ ಸಂಗೀತಕ್ಕೆ ತಾಕತ್ತು ಇರಲಿಲ್ಲ ಅನ್ನಬೇಡಿ. ಇದೇ ಜಿ.ಕೆ. ವೆಂಕಟೇಶ್ ಬಳಿ ಸಹಾಯಕರಾಗಿ ಪಳಗಿದವರು ಇಳಯರಾಜಾ. 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ ಬಂತು, ಕನ್ನಡದ್ದು, ಸಂಗೀತ ಇಳಯರಾಜಾ. ಆ ಚಿತ್ರದ ಥೀಮ್ ಟ್ಯೂನ್ ಎಷ್ಟೋ ವರ್ಷದ ನಂತರ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ದೇಶಕ್ಕೆಲ್ಲ ಕೇಳಿಸಿತು. ಕೇಳಿದ ಎಷ್ಟೋ ಜನಕ್ಕೆ ಅದು ಕನ್ನಡ ಸಿನಿಮಾದ್ದು ಅಂತಾನೇ ಗೊತ್ತಿರಲಿಲ್ಲ. ಹೊಟ್ಟು ಅಂತ ಮೂಲೆಗೆ ತಳ್ಳೋ ಜಾತಿಯ ಸಂಗೀತ ಬೇರೆಯವರ ಅಂಗಡಿಯಲ್ಲಿ ಬಂಗಾರದ ಬೆಲೆಗೆ ಹೋಯ್ತು!

ಭಾಗ 10/10

‘ಈಗ ಹಾಗಿಲ್ಲವಲ್ಲ’ ಅಂತೀರಿ. ನಿಜ. 1987ರಲ್ಲಿ ‘ಪ್ರೇಮಲೋಕ’ದ ಕ್ಯಾಸೆಟ್ ಮನೆಮನೆಗೂ ಹೋದಾಗ ಆಲ್ಬಂ ಅಂದರೆ ಹಾಡು ಮಾತ್ರ. ಹಂಸಲೇಖ ಅವರ ಹಾಡಿನ ಬಲವೇ ಅಷ್ಟಿತ್ತು. ಇವತ್ತು ‘ಕೆಜಿಎಫ್’ ನೋಡಿದವರು ಹಾಡಿಗಿಂತ ಮೊದಲು ಬಿಜಿಎಂ ಬಗ್ಗೆ ಮಾತಾಡ್ತಾರೆ. ರವಿ ಬಸ್ರೂರು, ಅಜನೀಶ್ ಲೋಕನಾಥ್ ಹೆಸರು ಬಿಜಿಎಂಗೋಸ್ಕರ ಹೇಳೋ ಕಾಲ ಇದು. ಕಂಪ್ಯೂಟರಲ್ಲಿ ಪ್ರತಿ ವಾದ್ಯವೂ ಬೇರೆ ಫೈಲು. ಮಾತು ಬೆರೆಸದ ಸಂಗೀತ ಕೊಡೋದು ಕಷ್ಟ ಅಲ್ಲ. ರಿಂಗ್‌ಟೋನ್, ಸ್ಟೇಟಸ್, ರೀಲ್ಸ್ ಎಲ್ಲ ಸೇರಿ ಹೊಟ್ಟಿಗೂ ಗಿರಾಕಿ ಹುಟ್ಟಿದ್ದಾರೆ.

ಹಾಗಾದ್ರೆ ಮೊದಲ ಪ್ರಶ್ನೆಗೆ ಉತ್ತರ. ಆಲ್ಬಂ ಸಿನಿಮಾದ ಸಂಗೀತಕ್ಕೆ ಸರಿಸಾಟಿನಾ?

ಯಾವುದಾದರೂ ಆಲ್ಬಂ ಕೇಳಿದಾಗ ಮೂರು ಪ್ರಶ್ನೆ ಕೇಳಿ ನೋಡಿ. ಒಂದು, ಏನು ಬಿಟ್ಟಿದ್ದಾರೆ? ಎರಡು, ಯಾರು ಬಿಟ್ಟಿದ್ದು, ಸಂಗೀತಗಾರನಾ, ಖರ್ಚಿನ ಲೆಕ್ಕನಾ? ಮೂರು, ಬಿಟ್ಟದ್ದು ಎಲ್ಲಾದರೂ ಉಳಿದಿದೆಯಾ?

ವಿಲಿಯಮ್ಸ್ ತಾವೇ ಬಿಟ್ಟರು, ಮೂಲ ಉಳಿದಿತ್ತು, ಆಮೇಲೆ ಹೊರಬಂತು. ನಷ್ಟ ಇಲ್ಲ. ವ್ಯಾಂಗೆಲಿಸ್ ತಾವೇ ಬದಲಿಸಿದರು, ಟೇಪ್ ಉಳಿದಿತ್ತು. ಜಗಳ ಆಡೋಕಾದ್ರೂ ಏನೋ ಇದೆ. ಸಾಬು ಕಥೆ ಹೇಳಿದ ತಟ್ಟೆ ಸಿನಿಮಾದ ಪಡಿಯಚ್ಚಲ್ಲ, ಆದರೆ ಅದು ಇಲ್ಲದಿದ್ರೆ ಆ ದನಿಯ ಅಷ್ಟು ಭಾಗ ನಮಗೆ ಸಿಗ್ತಾನೇ ಇರಲಿಲ್ಲ. ಸರಿಸಾಟಿ ಆಗದ ಆಲ್ಬಂ ಬಗ್ಗೆ ನನಗೆ ತಕರಾರಿಲ್ಲ. ಆಗಲೇಬಾರದು ಅಂತಾನೂ ಅನ್ಸುತ್ತೆ, ಮನೆಯಲ್ಲಿ ಕೇಳೋ ಕಿವಿ ಥಿಯೇಟರಿನ ಕಿವಿ ಅಲ್ಲ. ನನ್ನ ತಕರಾರು ಇರೋದು ಆಲ್ಬಂನಲ್ಲೂ ಇಲ್ಲದ, ಗೋಡೌನಲ್ಲೂ ಇಲ್ಲದ ಸಂಗೀತದ ಬಗ್ಗೆ. ಜಿ.ಕೆ. ವೆಂಕಟೇಶ್ ಅವರ ಹಿನ್ನೆಲೆ ಸಂಗೀತಕ್ಕೆ ಈ ಮೂರನೇ ಪ್ರಶ್ನೆ ಕೇಳಿದರೆ ನಮ್ಮ ಕೈಗೆ ಸಿಗೋದು ಬರೀ ಸಿನಿಮಾದ ಪ್ರತಿ. ಆ ಪ್ರತಿ ಹಾಳಾದ ದಿನ ಸಂಗೀತನೂ ಹೋಯ್ತು.

ನಾವು ವಿದ್ಯಾರ್ಥಿಗಳು, ಸ್ಟುಡಿಯೋ ಗೋಡೌನ್ ಬಾಗಿಲು ತೆಗೆಸೋಕೆ ಆಗಲ್ಲ. ಆದರೆ ಎರಡು ಕೆಲಸ ಆಗುತ್ತೆ. ಮೊದಲನೆಯದು, ಮನೆಯಲ್ಲಿ, ಅಜ್ಜಿ ಮನೆ ಅಟ್ಟದಲ್ಲಿ ಹಳೆ ಕನ್ನಡ ಸಿನಿಮಾದ ತಟ್ಟೆ ಅಥವಾ ಕ್ಯಾಸೆಟ್ ಇದ್ದರೆ ಕವರಿನ ಎರಡೂ ಮಗ್ಗುಲಿನ ಫೋಟೋ ತೆಗೆದು ಇಡಿ, ವರ್ಷ, ಹೆಸರು ಕಾಣೋ ಹಾಗೆ. ತಟ್ಟೆನ ಬಿಸಿಲಿಗೆ ಇಡಬೇಡಿ, ಸೊಟ್ಟ ಆಗುತ್ತೆ. ಎರಡನೆಯದು, ಈ ವಾರ ಒಂದು ಹಳೆ ಕನ್ನಡ ಸಿನಿಮಾ ಹಾಕಿ, ಹಾಡು ಬಂದಾಗ ಬೇಕಾದ್ರೆ ಎದ್ದು ಹೋಗಿ ಕಾಫಿ ಮಾಡ್ಕೊಳ್ಳಿ, ಹಾಡಿಲ್ಲದಾಗ ಕೂತು ಕೇಳಿ. ಯಾವ ಸಿನಿಮಾ, ಯಾವ ದೃಶ್ಯ, ಯಾವ ವಾದ್ಯ ಅಂತ ಕಾಮೆಂಟಲ್ಲಿ ಬರೀರಿ. ಎಲ್ಲಾನೂ ಒಂದು ಪಟ್ಟಿ ಮಾಡ್ತೀನಿ.

ಇಂಟರ್ನಲ್ಸ್ ಮುಗಿದ ಮೇಲೆ ಆ ಪಟ್ಟಿ ಹಾಕ್ತೀನಿ. ಅಲ್ಲೀವರೆಗೆ ಸೇವ್ ಮಾಡ್ಕೊಳ್ಳಿ, ಬಿಜಿಎಂ ಹುಚ್ಚಿರೋ ಒಬ್ಬ ಫ್ರೆಂಡ್‌ಗೆ ಕಳಿಸಿ.

#ಹಿನ್ನೆಲೆಸಂಗೀತ #ಕನ್ನಡಸಿನಿಮಾ #ರೀರೆಕಾರ್ಡಿಂಗ್ #ಸಾಬು #ಕೇಳೋಚರಿತ್ರೆ